ಪಚ್ಚಾಳದ ಆಂಟನಿ, ಚೆರಾಯಿಯ ಶಂಕರಾಡಿ

ಮಲಯಾಳದ ಪ್ರಸಿದ್ಧ ಕಥೆಗಾರರಾದ ಎಂ. ಟಿ. ವಾಸುದೇವನ್ ನಾಯರರು ತಮ್ಮದೇ ಒಂದು ಸಣ್ಣಕತೆಯನ್ನು 'ನಿರ್ಮಾಲ್ಯಂ' ಎಂಬ ಹೆಸರಿನಿಂದ ಚಲನಚಿತ್ರವನ್ನಾಗಿ ಮಾಡಿ, ಮೊತ್ತಮೊದಲ ಬಾರಿಗೆ ನಿರ್ದೇಶನದ ಹೊಣೆಯನ್ನು ಹೊತ್ತು ಹೊರಟಾಗ, ಅದರ ಪ್ರಧಾನ ಪಾತ್ರವಾದ ವೆಳಿಚ್ಚಪ್ಪಾಡನಿಗೆ, ಎಂದರೆ ನಮ್ಮ ಕರಾವಳಿಯವರು ದರ್ಶನದ ಪಾತ್ರಿಯೆಂದು ಕರೆಯುವ, ದೇವಿಯ ಆವೇಶವನ್ನು ಮೈಮೇಲೆ ತಂದುಕೊಂಡು ನುಡಿಕೊಡುವ ಆ ಮನುಷ್ಯನಿಗೆ, ಮೊದಲು ಮನಸ್ಸಿನಲ್ಲಿಟ್ಟುಕೊಂಡದ್ದು ಶಂಕರಾಡಿ ಎಂಬ ನಟರನ್ನಂತೆ. ಶಂಕರಾಡಿಯವರಾದರೋ ಕತೆಯನ್ನು ತಿಳಿದು, ತಮ್ಮ ಕೃಶವಾದ ಮೈಕಟ್ಟು ಆ ಪಾತ್ರದ ಭಾರವನ್ನು ತಾಳಲಾರದೆಂದು ಹೇಳಿ, ಪಿ. ಜೆ. ಆಂಟನಿಯವರನ್ನು ಕರೆಸಿರೆಂದು ತಾವೇ ಸೂಚಿಸಿದರಂತೆ. ಆ ಸೂಚನೆಯಂತೆಯೇ ನಡೆಯಿತು. ಚಿತ್ರವು 1973ರ ನವೆಂಬರಿನಲ್ಲಿ ತೆರೆಕಂಡಿತು. ಆ ವರ್ಷದ ರಾಷ್ಟ್ರಪತಿಗಳ ಸ್ವರ್ಣಕಮಲವು ಅದಕ್ಕೆ ಸಂದಿತು. ದೇಶದ ಶ್ರೇಷ್ಠ ನಟನಿಗೆ ಕೊಡುತ್ತಿದ್ದ ಭರತ್ ಪ್ರಶಸ್ತಿಯು ಆಂಟನಿಯವರನ್ನು ಅರಸಿಕೊಂಡು ಬಂದಿತು. ಮಲಯಾಳದ ನಟನೊಬ್ಬನಿಗೆ ಆ ಪ್ರಶಸ್ತಿ ದೊರೆತದ್ದು ಅದೇ ಮೊದಲು. ದಕ್ಷಿಣದೇಶದಿಂದ ಅದುವರೆಗೆ ಅದನ್ನು ಪಡೆದಿದ್ದವರು ಎಂ. ಜಿ. ರಾಮಚಂದ್ರನ್ ಒಬ್ಬರೇ ಎಂಬುದನ್ನು ನೆನೆದರೆ, ನಾಯಕರೊಳಗೆ ನಾಯಕನಾದ ಅವರ ಬೆನ್ನಿಗೇ ಮಾವ, ಮನೆತನದ ಯಜಮಾನ, ಖಳ ಎಂದು ಪೋಷಕ ಪಾತ್ರಗಳಲ್ಲಿಯೇ ಕಾಲ ಕಳೆದಿದ್ದವನೊಬ್ಬನು ಬಂದು ನಿಂತ ವೈಚಿತ್ರ್ಯವು ತಾನಾಗಿ ಗೋಚರಿಸುವುದು.

ಕೈಗೆ ಬಂದ ಪ್ರಧಾನ ಪಾತ್ರವನ್ನು ಇನ್ನೊಬ್ಬನಿಗೆ ಎತ್ತಿಕೊಡುವವರು ಸಿನೆಮಾ ಎಂಬ ಲೋಕದಲ್ಲಿ ವಿರಳ. ಇದನ್ನು ಔದಾರ್ಯವೆಂದು ಕೊಂಡಾಡುವವರಿದ್ದಾರೆ; ಕೊಂಡಾಡಲಿ. ನನಗೆ ಇದು ಔದಾರ್ಯಕ್ಕಿಂತ ಹೆಚ್ಚಾಗಿ ಕಸಬಿನ ಜ್ಞಾನವೆಂದು ತೋರುತ್ತದೆ. ನಾಯಕನಟನಿಗೆ ತನ್ನ ಮುಖವು ಹೇಗೆ ಕಂಡರೆ ಜನ ಮೆಚ್ಚುವರೆಂಬುದು ಗೊತ್ತಿದ್ದರೆ ಸಾಕು. ಪೋಷಕ ನಟನಿಗಾದರೋ ತನ್ನ ಮೈ ಯಾವುದನ್ನು ಹೇಳಬಲ್ಲುದು, ಯಾವುದನ್ನು ಹೇಳಲಾರದು ಎಂಬ ಲೆಕ್ಕ ಚೊಕ್ಕವಾಗಿ ಗೊತ್ತಿರಬೇಕು. ಇಲ್ಲವಾದರೆ ವರ್ಷವೊಂದರಲ್ಲಿ ಹತ್ತಾರು ಮನುಷ್ಯರಾಗಿ ಬದುಕಿ ಬರುವುದು ಅವನಿಂದಾಗದು. ಆ ಲೆಕ್ಕವನ್ನು ಈ ಇಬ್ಬರೂ ಕಲಿತದ್ದು ಚಿತ್ರಶಾಲೆಯಲ್ಲಿ ಅಲ್ಲ, ಕೊಚ್ಚಿಯ ಸುತ್ತಮುತ್ತಲ ನಾಟಕದ ಅಟ್ಟಣಿಗೆಗಳ ಮೇಲೆ.

ಪಿ. ಜೆ. ಆಂಟನಿಯವರು ಹುಟ್ಟಿದ್ದು ಎರ್ನಾಕುಳಂ ಪಟ್ಟಣದ ಉತ್ತರಕ್ಕಿರುವ ಪಚ್ಚಾಳದಲ್ಲಿ, 1925ರ ಜನವರಿ 1ರಂದು, ಕ್ರೈಸ್ತ ಮನೆತನವೊಂದರಲ್ಲಿ. ನಮ್ಮ ಕೆ. ಎಸ್. ಅಶ್ವತ್ಥರು ಮೈಸೂರಿನಲ್ಲಿ ಹುಟ್ಟಿದ್ದೂ ಅದೇ ವರ್ಷದಲ್ಲಿ. ಒಬ್ಬರು ಕನ್ನಡ ಚಿತ್ರಗಳ ಶಾಶ್ವತ ತಂದೆಯಾಗಿ, ಇನ್ನೊಬ್ಬರು ಮಲಯಾಳ ಚಿತ್ರಗಳ ಗದರುವ ಸೋದರಮಾವನಾಗಿ, ಇಬ್ಬರೂ ಪ್ರಾಯದಲ್ಲಿಯೇ ಮುಪ್ಪನ್ನು ಹೊತ್ತವರು. ಇನ್ನು ಶಂಕರಾಡಿಯವರ ಚೆರಾಯಿ ಎಂಬುದು ಕೊಚ್ಚಿಗೆ ಎದುರಾಗಿ ಉದ್ದಕ್ಕೆ ಚಾಚಿಕೊಂಡಿರುವ ವೈಪಿನ್ ದ್ವೀಪದ ಉತ್ತರದ ಊರು. ಆ ಕಾಲದಲ್ಲಿ ಅಲ್ಲಿಂದ ಎರ್ನಾಕುಳಕ್ಕೆ ಬರಬೇಕಾದರೆ ದೋಣಿಯನ್ನೋ ಬೋಟನ್ನೋ ಹತ್ತದೆ ವಿಧಿಯಿರಲಿಲ್ಲ. ಶಂಕರಾಡಿ ಎಂಬ ಮನೆತನದ ಹೆಸರಿನಿಂದಲೇ ಲೋಕಕ್ಕೆ ಪರಿಚಿತರಾದ ಚಂದ್ರಶೇಖರ ಮೇನೋನರು ಆ ಊರಿನಲ್ಲಿ 1924ರಲ್ಲಿ ಜನಿಸಿದರು. ಬರೋಡದಲ್ಲಿ ಹಡಗಿನ ಯಂತ್ರವಿದ್ಯೆಯನ್ನು ಓದಲು ಹೋಗಿ, ಅದನ್ನು ನಡುವೆಯೇ ಕೈಬಿಟ್ಟು, ಮುಂಬಯಿಯಲ್ಲಿ ಪತ್ರಿಕೋದ್ಯೋಗಿಯಾಗಿದ್ದು, ಊರಿಗೆ ಮರಳಿ ಕಮ್ಯುನಿಸ್ಟ್ ಪಕ್ಷದ ಪೂರ್ಣಾವಧಿ ಕಾರ್ಯಕರ್ತರಾದರು. ಹಡಗಿನ ಯಂತ್ರಗಳನ್ನು ಬಿಟ್ಟುಬಂದವರು ಹಡಗುಕಟ್ಟೆಯ ಕೂಲಿಕಾರರ ನಡುವೆ ಬಂದು ನಿಂತಂತಾಯಿತು.

ಆ ಕಾಲದ ಕೊಚ್ಚಿಯನ್ನು ಅರಿಯದೆ ಈ ನಟರನ್ನು ಅರಿಯಲಾಗದು. ರಾಬರ್ಟ್ ಬ್ರಿಸ್ಟೋ ಎಂಬ ಆಂಗ್ಲ ಯಂತ್ರಶಿಲ್ಪಿಯು ಅಳಿವೆಯ ಮರಳುದಿನ್ನೆಯನ್ನು ಕಡಿಸಿ, ತೆಗೆದ ಹೂಳಿನಿಂದಲೇ ವೆಲ್ಲಿಂಗ್ಡನ್ ದ್ವೀಪವನ್ನು ಎಬ್ಬಿಸಿದ ಮೇಲೆ ದೊಡ್ಡ ಹಡಗುಗಳು ಒಳಕ್ಕೆ ಬಂದುವು. ಹಡಗುಗಳೊಡನೆ ಸರಕು, ಸರಕಿನೊಡನೆ ಸಾವಿರಾರು ಮಂದಿ ಹಮಾಲರು. ಅವರಿಗೆ ಕೆಲಸವನ್ನು ಹಂಚುತ್ತಿದ್ದ ರೀತಿಯನ್ನು ಕೇಳಿದರೆ ಇಂದಿಗೂ ನಾಚಿಕೆಯಾಗುವುದು. ಬೆಳಗಿನ ಹೊತ್ತು ಗುತ್ತಿಗೆದಾರನ ಆಳು 'ಚಾಪ್ಪ' ಎಂಬ ಲೋಹದ ಬಿಲ್ಲೆಗಳನ್ನು ಹಿಡಿದು ಬರುವನು. ಕಾದು ನಿಂತ ಗುಂಪಿನತ್ತ ಅವನ್ನು ಎಸೆಯುವನು. ನೂಕುನುಗ್ಗಲಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದು, ಕೈಕಾಲು ಮುರಿದುಕೊಂಡು, ಯಾರ ಮುಷ್ಟಿಗೆ ಬಿಲ್ಲೆ ಸಿಕ್ಕಿತೋ ಅವರಿಗೆ ಆ ದಿನದ ಕೂಲಿ. ಈ ಪದ್ಧತಿಯ ವಿರುದ್ಧ ನಡೆದ ಮುಷ್ಕರವು 1953ರ ಸೆಪ್ಟೆಂಬರ್ 15ರಂದು ಮಟ್ಟಾಂಚೇರಿಯಲ್ಲಿ ಪೊಲೀಸರ ಗುಂಡಿನಲ್ಲಿ ಪರ್ಯವಸಾನವಾಯಿತು. ಕಾರ್ಮಿಕರ ಪ್ರಾಣ ಹೋಯಿತು. ಆ ಗೋಲಿಬಾರನ್ನು ಕುರಿತು ಹುಟ್ಟಿ, ಎಡಪಕ್ಷದ ಮೆರವಣಿಗೆಗಳಲ್ಲಿ ಬಹುಕಾಲ ಮೊಳಗಿದ ಹಾಡಿನ ಕರ್ತೃವೆಂದು ಕೊಚ್ಚಿಯ ಜನ ಹೆಸರಿಸುವುದು ಪಿ. ಜೆ. ಆಂಟನಿಯವರನ್ನೇ. ನಾಟಕವನ್ನು ಬರೆಯುವುದು, ಅದಕ್ಕೆ ಹಾಡು ಕಟ್ಟುವುದು, ಆಟವನ್ನು ಕಲಿಸುವುದು, ಬಣ್ಣ ಹಚ್ಚಿಕೊಂಡು ತಾನೇ ಮುಂದೆ ನಿಲ್ಲುವುದು, ಇವೆಲ್ಲವನ್ನೂ ಒಬ್ಬನೇ ಮಾಡುತ್ತಿದ್ದ ಕಾಲ ಅದು. ಅವರು ಈ ನಾಲ್ಕರಲ್ಲಿಯೂ ಗಟ್ಟಿಗರು.

ತಿರುವಿದಾಂಕೂರಿನ ಕಡೆಯಲ್ಲಿ ತೋಪ್ಪಿಲ್ ಭಾಸಿಯವರ ನಾಟಕವೊಂದನ್ನು ಕೆ.ಪಿ.ಎ.ಸಿ. ಎಂಬ ತಂಡವು 1952ರ ಡಿಸೆಂಬರಿನಲ್ಲಿ ಕೊಲ್ಲಂ ಬಳಿಯ ಚವರದಲ್ಲಿ ಆಡಿದಂದಿನಿಂದ ರಾಜಕೀಯ ನಾಟಕವೆಂಬುದು ಕೇರಳದ ಮನೆಮಾತಾಯಿತು. ಸರಕಾರವು ಅದನ್ನು ನಿಷೇಧಿಸಿದ್ದು ಅದರ ಕೀರ್ತಿಯನ್ನು ಇಮ್ಮಡಿಗೊಳಿಸಿತು. ಇತಿಹಾಸದ ಗ್ರಂಥಗಳು ಆ ಕತೆಯನ್ನು ವಿಸ್ತರಿಸುವುದರಿಂದ ಇಲ್ಲಿ ಅದನ್ನು ಬೆಳೆಸುವ ಅಗತ್ಯವಿಲ್ಲ. ಕೊಚ್ಚಿಯ ಕಡೆಯ ನಾಟಕಕ್ಕೆ ಅಷ್ಟು ಕೀರ್ತಿ ಬರಲಿಲ್ಲವಾದರೂ ಉಸಿರು ಕಡಿಮೆಯೇನಿರಲಿಲ್ಲ. 'ಇಂಕಿಲಾಬಿನ ಮಕ್ಕಳು' ಎಂಬರ್ಥದ ಹೆಸರುಳ್ಳ ನಾಟಕವನ್ನು ಬರೆದಾಡಿದ ಆಂಟನಿಯವರು 'ಪ್ರತಿಭಾ' ಎಂಬ ತಂಡದ ಆಧಾರಸ್ತಂಭವಾದರು. ಶಂಕರಾಡಿಯವರು ಬಂದು ಸೇರಿದ್ದೂ ಅದೇ ತಂಡವನ್ನು. ಇಗರ್ಜಿಯ ಹಬ್ಬ, ದೇವಸ್ಥಾನದ ಉತ್ಸವ, ಯೂನಿಯನ್ನಿನ ವಾರ್ಷಿಕ ಸಭೆ, ಎಲ್ಲಿ ಜನ ನೆರೆದರೆ ಅಲ್ಲಿ ಅಟ್ಟಣಿಗೆ. ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕುಳಿತವನು ಬೆಳಗ್ಗೆ ಹಡಗುಕಟ್ಟೆಯಲ್ಲಿ ಮೂಟೆ ಹೊತ್ತವನು. ಅವನೆದುರಿಗೆ ಮೂಟೆ ಹೊರುವವನ ಪಾತ್ರವನ್ನು ಮಾಡುವ ನಟನು ಬೆನ್ನನ್ನು ಎಷ್ಟು ಬಾಗಿಸಬೇಕೆಂಬುದನ್ನು ತಪ್ಪುವಂತಿಲ್ಲ. ಇದಕ್ಕಿಂತ ನಿಷ್ಠುರವಾದ ಅಭಿನಯಶಾಲೆಯನ್ನು ನಾನು ಕೇಳಿದುದಿಲ್ಲ.

ಇನ್ನು ತಿರುವನಂತಪುರ. ಆ ರಾಜಧಾನಿಯ ದಕ್ಷಿಣದ ಅಂಚಿನ ನೇಮಂ ಎಂಬಲ್ಲಿ, ನಗರದ ಮೇಯರಾಗಿದ್ದ ಪಿ. ಸುಬ್ರಹ್ಮಣ್ಯಂ ಎಂಬವರು 1950ರ ದಶಕದ ಆರಂಭದಲ್ಲಿ ಮೆರಿಲ್ಯಾಂಡ್ ಸ್ಟುಡಿಯೋವನ್ನು ಕಟ್ಟಿದರು. ಅದಕ್ಕೆ ಮುಂಚೆಯೇ ಕುಂಚಾಕೋ ಅವರ ಉದಯಾ ಸ್ಟುಡಿಯೋ ಆಲಪ್ಪುಳದಲ್ಲಿ ತಲೆಯೆತ್ತಿತ್ತು. ಉದಯಾದ ಚಿತ್ರವು ಭೂಗೋಲದ ಮೇಲೆ ನಿಂತು ಕೂಗುವ ಹುಂಜದಿಂದ ಆರಂಭವಾದರೆ, ಮೆರಿಲ್ಯಾಂಡಿನದು ನವಿಲಿನೊಡಗೂಡಿದ ಸುಬ್ರಹ್ಮಣ್ಯನ ದರ್ಶನದಿಂದ. ಹುಂಜವೋ ಮುರುಗನೋ ಎಂಬುದರ ಮೇಲೆ ಪ್ರೇಕ್ಷಕರು ಪಕ್ಷ ಕಟ್ಟಿಕೊಂಡಿದ್ದರು. ಪೊಲೀಸ್ ಇನ್‌ಸ್ಪೆಕ್ಟರಾಗಿದ್ದ ಸತ್ಯನ್ ಅವರು 1952ರ 'ಆತ್ಮಸಖಿ'ಯಲ್ಲಿ ಬೆಳಕಿಗೆ ಬಂದದ್ದು ಈ ಮೆರಿಲ್ಯಾಂಡಿನ ಮೂಲಕ. ತಕಳಿ ಶಿವಶಂಕರ ಪಿಳ್ಳೆಯವರು ಕುಟ್ಟನಾಡಿನ ಗದ್ದೆಯ ಆಳುಗಳನ್ನು ಕುರಿತು ಬರೆದ 'ರಂಡಿಡಂಙಳಿ' ಕಾದಂಬರಿಯನ್ನು ಸುಬ್ರಹ್ಮಣ್ಯಂ 1958ರಲ್ಲಿ ಚಿತ್ರವಾಗಿಸಿದಾಗ, ಆ ಮಣ್ಣಿನ ಆಳಿಗೆ ನಾಯಕನಟರ ನುಣುಪು ಮುಖ ಒಪ್ಪದೆಂದು ಅರಿತವರಂತೆ, ಪಚ್ಚಾಳದ ನಾಟಕಕಾರನನ್ನು ನಟಿ ಮಿಸ್ ಕುಮಾರಿಯವರೊಡನೆ ಮುಖ್ಯ ಪಾತ್ರವೊಂದಕ್ಕೆ ತೆಗೆದುಕೊಂಡರು. ಆಂಟನಿಯವರ ಚಿತ್ರಜೀವನ ಹೀಗೆ ತಿರುವನಂತಪುರದಲ್ಲಿ ಮೊದಲಾಯಿತು.

ಮೊದಲಾದ ಎತ್ತರದಲ್ಲಿಯೇ ಅದು ಮುಂದುವರಿಯಲಿಲ್ಲ. 1960ರ ದಶಕದಲ್ಲಿ ಮಲಯಾಳ ಚಿತ್ರಗಳ ಬಹುಭಾಗವು ಮದರಾಸಿನ ಕೋಡಂಬಾಕ್ಕಂ ಪಾಲಾಯಿತು. ಪ್ರೇಂ ನಜೀರ್, ಸತ್ಯನ್, ಮಧು ಎಂಬ ಮೂವರ ಸುತ್ತ ಕತೆಗಳು ಸುತ್ತತೊಡಗಿದುವು. ಉಳಿದವರೆಲ್ಲ ಅವರ ಕತೆಗೆ ಎಣ್ಣೆಬತ್ತಿಯಾಗಬೇಕಾಯಿತು. ವೈಕ್ಕಂ ಮುಹಮ್ಮದ್ ಬಷೀರರು ತಮ್ಮ ಕತೆಯನ್ನು ತಾವೇ ಚಿತ್ರಕತೆಯಾಗಿ ಬರೆದುಕೊಟ್ಟ 'ಭಾರ್ಗವೀನಿಲಯಂ' (1964) ಎಂಬ ಚಿತ್ರದಲ್ಲಿ ಆಂಟನಿಯವರು ಖಳನಾದರು. ಕೊಚ್ಚಿಯ ಪರೀಕ್ಕುಟ್ಟಿಯವರು ನಿರ್ಮಿಸಿ ಎ. ವಿನ್ಸೆಂಟರು ನಿರ್ದೇಶಿಸಿದ ಆ ಚಿತ್ರವನ್ನು ಜನರು ಬಾಬುರಾಜರ ಹಾಡುಗಳಿಗಾಗಿಯೂ ಪಾಳುಮನೆಯ ಪ್ರೇತಕ್ಕಾಗಿಯೂ ನೆನೆಯುತ್ತಾರೆ. ಭಯವು ಪ್ರೇತದಿಂದ ಹುಟ್ಟುವುದಿಲ್ಲ, ಆಂಟನಿಯವರು ಹಲ್ಲುಬಿಡದೆ ಆಡುವ ಸಾಧಾರಣ ಮಾತಿನಿಂದ ಹುಟ್ಟುತ್ತದೆಂಬುದು ಎರಡನೆಯ ಸಲ ನೋಡಿದವರಿಗೆ ತಿಳಿಯುವುದು.

ಮರುವರ್ಷ 'ಮುರಪ್ಪೆಣ್ಣ್' ಬಂದಿತು. ಎಂ. ಟಿ. ಅವರು ಬರೆದ ಮೊದಲ ಚಿತ್ರಕತೆಯಿದು; ಅಳಿಯಸಂತಾನದ ತರವಾಡು, ಎಂದರೆ ಕೂಡುಮನೆತನ, ಮುರಿದುಬೀಳುವ ಕತೆ. ನಮ್ಮ ದಕ್ಷಿಣ ಕನ್ನಡದ ಓದುಗರಿಗೆ ಸೋದರಮಾವನ ಅಧಿಕಾರವೆಂದರೇನೆಂದು ವಿವರಿಸಬೇಕಾಗಿಲ್ಲ. ಆ ಸೋದರಮಾವನ ಪಾತ್ರ ಆಂಟನಿಯವರದು. ಅಳಿಯನ ಪಾತ್ರ ನಜೀರರದು. ಮಾವ ಅಳಿಯಂದಿರಿಬ್ಬರೂ ನಿಜಜೀವನದಲ್ಲಿ ಸರಿಸುಮಾರು ಸಮವಯಸ್ಕರು, ಇಬ್ಬರಿಗೂ ನಲವತ್ತರ ಆಸುಪಾಸು. ಒಬ್ಬನು ಮರ ಸುತ್ತಿ ಹಾಡಬೇಕು, ಇನ್ನೊಬ್ಬನು ಜಗಲಿಯ ಮೇಲೆ ಕುಳಿತು ಕೆಮ್ಮಬೇಕು ಎಂಬುದನ್ನು ವಯಸ್ಸು ನಿರ್ಣಯಿಸಲಿಲ್ಲ, ಮುಖ ನಿರ್ಣಯಿಸಿತು. ಹಾಗೆಂದು ಆ ಮಾವನನ್ನು ಆಂಟನಿಯವರು ಬರಿಯ ದಬ್ಬಾಳಿಕೆಯವನನ್ನಾಗಿ ಮಾಡಲಿಲ್ಲ. ತನ್ನ ಮಾತು ಇನ್ನು ಹೆಚ್ಚು ದಿನ ನಡೆಯದೆಂದು ಒಳಗೊಳಗೇ ತಿಳಿದಿದ್ದೂ ದನಿಯೇರಿಸುವ ಮನುಷ್ಯ ಆತ. ಎಂಟು ವರ್ಷಗಳ ಅನಂತರ ವೆಳಿಚ್ಚಪ್ಪಾಡನಾಗಿ ನಿಂತವನ ಕುರುಹು ಆ ಜಗಲಿಯಲ್ಲಿಯೇ ಕಾಣುವುದು.

ಅಮೆರಿಕದವರು ಇಂಥ ಪೋಷಕ ನಟರಿಗೆಂದೇ 1936ರಿಂದ ಪ್ರತ್ಯೇಕ ಆಸ್ಕರ್ ಪ್ರಶಸ್ತಿಯನ್ನು ಏರ್ಪಡಿಸಿದರು. ಅದನ್ನು ಮೊದಲು ಪಡೆದ ವಾಲ್ಟರ್ ಬ್ರೆನನ್ ಎಂಬ ನಟನು ಐದು ವರ್ಷಗಳ ಒಳಗೆ ಮೂರು ಬಾರಿ ಅದನ್ನು ಗೆದ್ದನು, ಮತ್ತು ಪ್ರಾಯದಲ್ಲಿಯೇ ಮುದುಕರ ಪಾತ್ರಗಳಿಗೆ ಹೆಸರಾದನು. ನಮ್ಮ ರಾಷ್ಟ್ರಪ್ರಶಸ್ತಿಗಳಲ್ಲಿ ಪೋಷಕ ನಟನೆಂಬ ವಿಭಾಗ ತೆರೆದದ್ದು 1984ರ ಚಿತ್ರಗಳಿಂದೀಚೆಗೆ. ಹೀಗಾಗಿ 1973ರಲ್ಲಿ ಆಂಟನಿಯವರಿಗೆ ಸಲ್ಲಬಹುದಾಗಿದ್ದುದು ನಾಯಕರ ಪ್ರಶಸ್ತಿಯೊಂದೇ. ಒಂದು ದೃಷ್ಟಿಯಿಂದ ಅದು ಒಳ್ಳೆಯದೇ ಆಯಿತು. ಕೇರಳ ಸರಕಾರವು 1969ರಲ್ಲಿ ಆರಂಭಿಸಿದ ರಾಜ್ಯಪ್ರಶಸ್ತಿಗಳಲ್ಲಿ ಆಗಿನ ಶ್ರೇಷ್ಠನಟರ ಪಟ್ಟಿಯನ್ನು ನೋಡಿದರೆ ಬೆರಗಾಗುವುದು: 1970ರಲ್ಲಿ 'ಅರನಾಳಿಕನೇರಂ' ಚಿತ್ರದ ಹಣ್ಣುಹಣ್ಣು ಮುದುಕನಾಗಿ ಕೊಟ್ಟಾರಕ್ಕರ ಶ್ರೀಧರನ್ ನಾಯರ್, 1973ರಲ್ಲಿ ಆಂಟನಿ, 1974ರಲ್ಲಿ 'ಚಟ್ಟಕ್ಕಾರಿ'ಯ ಅಡೂರ್ ಭಾಸಿ. ನಾಯಕರ ಚಿತ್ರಗಳು ಚಿತ್ರಮಂದಿರಗಳನ್ನು ತುಂಬುತ್ತಿದ್ದ ಕಾಲದಲ್ಲಿಯೇ ಶ್ರೇಷ್ಠನಟನೆಂಬ ಬಿರುದು ಪದೇ ಪದೇ ಪಕ್ಕದ ಸಾಲಿಗೆ ಹೋಗುತ್ತಿತ್ತು.

'ನಿರ್ಮಾಲ್ಯಂ' ಚಿತ್ರದ ಬಹುಭಾಗವನ್ನು ತೆಗೆದದ್ದು ಮಲಪ್ಪುರಂ ಜಿಲ್ಲೆಯ ಮೂಕ್ಕುತಲ ಎಂಬ ಹಳ್ಳಿಯಲ್ಲಿ, ರಾಮಚಂದ್ರಬಾಬು ಅವರ ಛಾಯಾಗ್ರಹಣದಲ್ಲಿ, ಕಪ್ಪುಬಿಳುಪಿನಲ್ಲಿ. ಪೂಜೆಗೆ ಗತಿಯಿಲ್ಲದ ಭಗವತಿಯ ಗುಡಿ. ಅದನ್ನೇ ನಂಬಿದ ವೆಳಿಚ್ಚಪ್ಪಾಡನ ಸಂಸಾರ. ಕಾಲಿಗೆ ಗೆಜ್ಜೆ ತೊಟ್ಟು, ಕೆಂಪುವಸ್ತ್ರವನ್ನುಟ್ಟು, ಮನೆಮನೆಗೆ ಹೋಗಿ ಅಕ್ಕಿ ಎತ್ತುವ ಅವನ ನಡಿಗೆಯನ್ನು ಗಮನಿಸಬೇಕು. ಅಂಗಳಕ್ಕೆ ಕಾಲಿಡುವಾಗ ಮೈಯಲ್ಲಿ ದೇವಿಯ ಗಾಂಭೀರ್ಯವಿರುತ್ತದೆ. ಪಾತ್ರೆಗೆ ಬಿದ್ದ ಅಕ್ಕಿಯನ್ನು ಕಂಡೊಡನೆ ಕಣ್ಣಿನಲ್ಲಿ ಬಡವನ ಲೆಕ್ಕ ಮೂಡುತ್ತದೆ. ಬೆನ್ನು ತಿರುಗಿಸಿ ಹೊರಟಾಗ ಎರಡೂ ಇಳಿದುಹೋಗಿ ಸೋತ ಹೆಗಲುಗಳಷ್ಟೆ ಉಳಿಯುತ್ತವೆ. ಕಲಿತ ಮಗನಿಗೆ ಕೆಲಸವಿಲ್ಲ, ಅವನು ದೇವಿಯ ಖಡ್ಗವನ್ನೇ ಹಿತ್ತಾಳೆಯ ಬೆಲೆಗೆ ಮಾರಲು ಹೊರಡುತ್ತಾನೆ. ಮಗಳನ್ನು ಪೂಜೆಗೆ ಬಂದ ಯುವಕನೊಬ್ಬನು ನಂಬಿಸಿ ಕೈಬಿಡುತ್ತಾನೆ. ಊರಿನಲ್ಲಿ ಸಿಡುಬು ಬಿದ್ದಾಗ ಜನರಿಗೆ ದೇವಿಯ ನೆನಪಾಗಿ ಉತ್ಸವಕ್ಕೆ ದುಡ್ಡು ಕೂಡುತ್ತದೆ. ಉತ್ಸವದ ದಿನ ವೆಳಿಚ್ಚಪ್ಪಾಡನು ಮನೆಗೆ ಬಂದರೆ ಹೆಂಡತಿಯು ಸಾಲ ಕೊಟ್ಟ ಅಂಗಡಿಯವನೊಡನಿದ್ದಾಳೆ. ಆ ಹೆಂಡತಿಯ ಪಾತ್ರದಲ್ಲಿ ಕವಿಯೂರ್ ಪೊನ್ನಮ್ಮನವರದು ಆಂಟನಿಯವರದಕ್ಕೆ ಸರಿತೂಗುವ ಅಭಿನಯ. ಅದರ ಬಗೆಗೆ ಬರೆದವರು ಕಡಿಮೆ. ಕೊನೆಗೆ ಆತನು ಗುಡಿಗೆ ಹೋಗಿ ಕುಣಿಯುತ್ತಾನೆ. ಖಡ್ಗದಿಂದ ಹಣೆಯನ್ನು ಕಡಿದುಕೊಳ್ಳುತ್ತ, ನೆತ್ತರು ಬಾಯಿಗಿಳಿಯುತ್ತಿರಲು, ಅದನ್ನು ವಿಗ್ರಹದ ಮುಖಕ್ಕೆ ಉಗುಳಿ, ಅಲ್ಲಿಯೇ ಬಿದ್ದು ಸಾಯುತ್ತಾನೆ.

ಈ ದೃಶ್ಯವು ಕೇವಲ ರೋಷದ್ದಾಗಿದ್ದರೆ ಅಗ್ಗವಾಗುತ್ತಿತ್ತು. ಅದು ರೋಷದ್ದಷ್ಟೇ ಅಲ್ಲವೆಂಬುದಕ್ಕೆ ಕಾರಣ ಆ ದೇಹ. ಕೊಡುಂಗಲ್ಲೂರಿನ ಭರಣಿಯ ಉತ್ಸವದಲ್ಲಿ ಹಣೆಯೊಡೆದುಕೊಂಡು ಓಡುವ ವೆಳಿಚ್ಚಪ್ಪಾಡರನ್ನು ಕಂಡವರಿಗೆ ಆವೇಶದ ಲಯ ಗೊತ್ತು. ಆಂಟನಿಯವರು ಆ ಲಯವನ್ನು ಕೊನೆಯವರೆಗೂ ತಪ್ಪಿಸುವುದಿಲ್ಲ. ಭಕ್ತನ ಹೆಜ್ಜೆಯಲ್ಲಿಯೇ ದ್ರೋಹಿಯ ಕೆಲಸ ನಡೆಯುವುದರಿಂದ, ಅವನು ದೇವಿಯನ್ನು ತೊರೆದನೋ ಅಥವಾ ಕೊನೆಯ ನೈವೇದ್ಯವನ್ನು ಕೊಟ್ಟನೋ ಎಂಬ ಸಂದೇಹ ನೋಡುವವರಲ್ಲಿ ಉಳಿಯುತ್ತದೆ. ಕ್ರೈಸ್ತನಾಗಿ ಹುಟ್ಟಿ, ಕೆಂಬಾವುಟದ ಹಾಡು ಬರೆದವನೊಬ್ಬನು ಭಗವತಿಯ ಪಾತ್ರಿಯಾದುದನ್ನು ಆಗ ಯಾರೂ ಒಂದು ಸಂಗತಿಯೆಂದು ಎಣಿಸಿದಂತಿಲ್ಲ. ಅಂಥ ಚಿತ್ರವನ್ನು ಈಗ ತೆಗೆಯಲಾದೀತೆ ಎಂಬ ಮಾತು ಮಾತ್ರ ಕೇರಳದಲ್ಲಿ ಆಗಾಗ ಕೇಳಿಬರುತ್ತದೆ. ಶಂಕರಾಡಿಯವರೂ ಅದೇ ಚಿತ್ರದಲ್ಲಿ ಸಣ್ಣದೊಂದು ಪಾತ್ರವನ್ನು ವಹಿಸಿದ್ದಾರೆ. ಅವರನ್ನು ನೋಡಿದಾಗ ಅವರ ಅಂದಾಜು ಸರಿಯೆನಿಸುತ್ತದೆ: ಆ ತೆಳುವಾದ ಮೈ ವ್ಯಂಗ್ಯಕ್ಕೆ, ಹುಸಿಗಾಂಭೀರ್ಯಕ್ಕೆ, ಮನೆಯ ಹಿರಿಯನ ಸಣ್ಣ ಮೋಸಗಳಿಗೆ ಹೇಳಿ ಮಾಡಿಸಿದ್ದು, ಖಡ್ಗಕ್ಕಲ್ಲ.

ಎರಡು ವರ್ಷಗಳ ತರುವಾಯ ಅದೇ ರಾಷ್ಟ್ರಪ್ರಶಸ್ತಿಯು 'ಚೋಮನ ದುಡಿ'ಯ ಎಂ. ವಿ. ವಾಸುದೇವರಾಯರಿಗೆ ಬಂದುದು ಕನ್ನಡಿಗರಿಗೆ ಚೆನ್ನಾಗಿ ನೆನಪಿದೆ. ಅವರೂ ನಾಟಕದ ಅಟ್ಟಣಿಗೆಯಿಂದ ಬಂದವರೇ. ಚೋಮನೂ ಬಾಗಿಲು ಮುಚ್ಚಿ ದುಡಿ ಬಾರಿಸುತ್ತಲೇ ಸಾಯುವವನು. ಅದನ್ನು ನಿರ್ದೇಶಿಸಿದ ಬಿ. ವಿ. ಕಾರಂತರು ಎಂ. ಟಿ. ಅವರ ಚಿತ್ರವನ್ನು ಅನುಸರಿಸಿದರೆಂದು ಇದರ ಅರ್ಥವಲ್ಲ; ಶಿವರಾಮ ಕಾರಂತರ ಕಾದಂಬರಿ ಅದಕ್ಕೂ ನಾಲ್ಕು ದಶಕ ಹಿಂದಿನದು. ಆ ಕೆಲವು ವರ್ಷಗಳಲ್ಲಿ, ಸುಂದರ ಮುಖಗಳು ಹೇಳಲಾರದ ಕತೆಗಳನ್ನು ಪಶ್ಚಿಮ ಕರಾವಳಿಯ ಎರಡು ಭಾಷೆಗಳೂ ಒಟ್ಟೊಟ್ಟಿಗೆ ಹೇಳಲು ತೊಡಗಿದ್ದವೆಂಬುದಷ್ಟೆ ನನ್ನ ಮಾತು. 1977ರ 'ಕೊಡಿಯೇಟ್ಟಂ' ಚಿತ್ರಕ್ಕಾಗಿ ಆ ರಾಷ್ಟ್ರಪ್ರಶಸ್ತಿಯು ಮತ್ತೆ ಕೇರಳಕ್ಕೆ ಬಂದಾಗ ಪಡೆದವರು ತಿರುವನಂತಪುರದ ವಿದ್ಯುಚ್ಛಕ್ತಿ ಮಂಡಳಿಯ ಗುಮಾಸ್ತರಾಗಿದ್ದ ಗೋಪಿ. ಜಿ. ಶಂಕರಪಿಳ್ಳೆಯವರ ನಾಟಕಗಳಲ್ಲಿ ಪಳಗಿ, ಅಡೂರ್ ಗೋಪಾಲಕೃಷ್ಣನ್ ಅವರ 'ಸ್ವಯಂವರಂ' ಚಿತ್ರದಲ್ಲಿ ಒಂದು ಕ್ಷಣ ಕಾಣಿಸಿಕೊಂಡಿದ್ದ ಬೋಳುತಲೆಯ ಆ ಮನುಷ್ಯನಿಗೆ 'ಭರತ್' ಎಂಬುದು ಹೆಸರಿನ ಭಾಗವೇ ಆಗಿಹೋಯಿತು. ಆಂಟನಿಯವರು ತೆರೆದ ದಾರಿಯಲ್ಲಿ ಗೋಪಿಯವರು ನಾಯಕನೇ ಆಗಿ ನಡೆದರು. ಆಂಟನಿಯವರಿಗೆ ಆ ಭಾಗ್ಯ ಬರಲಿಲ್ಲ.

ಬಂದಿದ್ದ ಭಾಗ್ಯವನ್ನು ಅವರು ಬೇರೆಯವರಿಗೆ ಹಂಚಿದರು. 1973ರಲ್ಲಿಯೇ 'ಪೆರಿಯಾರ್' ಎಂಬ ಚಿತ್ರವನ್ನು ಅವರು ತಾವೇ ಬರೆದು ನಿರ್ದೇಶಿಸಿದರು. ಅದರ ಯಶಸ್ಸು ಹೇಳಿಕೊಳ್ಳುವಂಥದಲ್ಲ. ಅದರಲ್ಲಿ ತಮ್ಮ ನಾಟಕದ ತಂಡದ ತಿಲಕನ್ ಎಂಬವನೊಬ್ಬನನ್ನು ತೆರೆಯ ಮೇಲೆ ನಿಲ್ಲಿಸಿದರು. 1982ರಲ್ಲಿ 'ಯವನಿಕಾ' ಚಿತ್ರಕ್ಕಾಗಿ ಎರಡನೆಯ ಶ್ರೇಷ್ಠನಟನೆಂಬ ರಾಜ್ಯಪ್ರಶಸ್ತಿಯನ್ನು ಪಡೆದು, ಮುಂದಿನ ಮೂರು ದಶಕಗಳ ಕಾಲ ಮಲಯಾಳದ ತಂದೆಯ ಪಾತ್ರಗಳಿಗೆಲ್ಲ ಒಡೆಯನಾದವನು ಆ ತಿಲಕನ್ನೇ. ಅದನ್ನೆಲ್ಲ ನೋಡಲು ಆಂಟನಿಯವರು ಉಳಿಯಲಿಲ್ಲ. 1979ರ ಮಾರ್ಚ್ 14ರಂದು, ಐವತ್ತನಾಲ್ಕನೆಯ ವಯಸ್ಸಿನಲ್ಲಿ, ತೀರಿಕೊಂಡರು.

ಶಂಕರಾಡಿಯವರು ಇನ್ನೂ ಎರಡು ದಶಕಗಳಿಗೂ ಮೀರಿ ಬದುಕಿ, 1963ರ 'ಕಡಲಮ್ಮ'ದಿಂದ ತೊಡಗಿದ ತಮ್ಮ ಪಾತ್ರಗಳ ಎಣಿಕೆಯನ್ನು ಏಳುನೂರರ ಆಸುಪಾಸಿಗೆ ಒಯ್ದರು. ಅವುಗಳಲ್ಲಿ ಒಂದನ್ನು ಕೇರಳದ ಜನ ಇಂದಿಗೂ ಬಿಟ್ಟಿಲ್ಲ. 1991ರ 'ಸಂದೇಶಂ' ಚಿತ್ರದಲ್ಲಿ ಅವರು ಎಡಪಕ್ಷವೊಂದರ ಸಿದ್ಧಾಂತಿಯಾದ ಕುಮಾರಪಿಳ್ಳೆ. ಚುನಾವಣೆಯಲ್ಲಿ ಪಕ್ಷ ಸೋತಿದೆ. ಕಾರಣವನ್ನು ವಿವರಿಸಲು ಕಾರ್ಯಕರ್ತರ ಅಧ್ಯಯನ ತರಗತಿ ಕೂಡಿದೆ. ಕುಮಾರಪಿಳ್ಳೆಯವರು ಹುಬ್ಬನ್ನೂ ಅಲುಗಿಸದೆ, ಒಂದೊಂದೂ ಗಜದುದ್ದದ ಶಾಸ್ತ್ರೀಯ ಪದಗಳಿಂದ ಆ ಸೋಲನ್ನು ವಿಶ್ಲೇಷಿಸುತ್ತಾರೆ. ಹಿಂದೆ ಕುಳಿತ ಬಡಪಾಯಿಯೊಬ್ಬನು, ನಾವು ಏಕೆ ಸೋತೆವೆಂಬುದನ್ನು ತಿಳಿಯುವ ಮಾತಿನಲ್ಲಿ ಹೇಳಬಾರದೇ ಎಂದು ಕೇಳಿ ಗದರಿಸಿಕೊಳ್ಳುತ್ತಾನೆ. ಅದನ್ನು ಬರೆದವರು ಶ್ರೀನಿವಾಸನ್, ತೆಗೆದವರು ಸತ್ಯನ್ ಅಂತಿಕ್ಕಾಡ್. ಬೇರೆ ಯಾವ ನಟನು ಮಾಡಿದ್ದರೂ ಅದು ಪಕ್ಷದ ಗೇಲಿಯಾಗಿ ನಿಲ್ಲುತ್ತಿತ್ತು. ಶಂಕರಾಡಿಯವರು ಅಂಥ ತರಗತಿಗಳ ಬೆಂಚಿನ ಮೇಲೆ ತಾವೇ ಯೌವನವನ್ನು ಕಳೆದವರಾದುದರಿಂದ ಕುಮಾರಪಿಳ್ಳೆಯನ್ನು ಒಂದು ಗಳಿಗೆಯೂ ಹಾಸ್ಯಗಾರನನ್ನಾಗಿ ಮಾಡುವುದಿಲ್ಲ. ಅವನು ತಾನು ಹೇಳುತ್ತಿರುವುದನ್ನು ಸಂಪೂರ್ಣವಾಗಿ ನಂಬಿದ್ದಾನೆ. ನಗುವುದು ನಾವು. 2001ರ ಅಕ್ಟೋಬರ್ 9ರಂದು ಅವರು ತೀರಿಕೊಂಡರು. ಚುನಾವಣೆಯಲ್ಲಿ ಯಾವ ಪಕ್ಷ ಸೋತರೂ ಮರುದಿನ ಬೆಳಗ್ಗೆ ಕೇರಳದ ಚಹದಂಗಡಿಗಳಲ್ಲಿ ಕುಮಾರಪಿಳ್ಳೆಯ ವಿಶ್ಲೇಷಣೆ ಇಂದಿಗೂ ಪುನರುಕ್ತವಾಗುತ್ತಿರುತ್ತದೆ, ಸೋತ ಪಕ್ಷದವರೂ ಸೇರಿದಂತೆ.